ಓಣಿಗೆ ಕಟ್ಟಿದ ಜೋಕಾಲಿ

ಎರಡನೇ ಮಹಾ ಲಢಾಯಿಯ ಕಾಲದಲ್ಲಿ ಪೆಟ್ರೋಲ್ ಸಿಗದೆ ಮೋಟಾರುಗಳು ಇದ್ದಲಿನ ಹೊಗೆಯಿಂದ ಓಡತೊಡಗಿದ ಮೇಲೆ ಗಡಹಿಂಗ್ಲಜದ ನಮ್ಮ ಓಣಿಗೆ ಶನಿ ವಕ್ಕರಿಸಿತು. ಉತ್ತೂರಿಗೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರಿಗೆ ಪೇಟೆಯ ಏರು ಹತ್ತುವ ಕಸುವು ಉಳಿದಿರಲಿಲ್ಲ. ಡ್ರೈವರ್ ಸಪಾಟಾದ ನಮ್ಮ ಓಣಿಯನ್ನೇ ದಾರಿ ಮಾಡಿಕೊಂಡ. ಎತ್ತಿನ ಗಾಡಿಯೇ ಗೋಡೆಗೆ ತಾಗುವಂಥ ಓಣಿ ಅದು. ಅವನು ಹಾರ್ನ್ ಒತ್ತಿದನೆಂದರೆ ತೊಟ್ಟಿಲ ಕೂಸುಗಳು ಚೀರುತ್ತಿದ್ದವು, ಹಾಲು ಕೊಡುತ್ತಿದ್ದ ಎಮ್ಮೆ ಒದೆಯುತ್ತಿತ್ತು. ಇಡೀ ಓಣಿಯ ಕಿವಿ ಹರಿಯುವ ಆ ಗದ್ದಲ ನನ್ನ ತಂಗಿಗೆ ಮಾತ್ರ ಕೇಳುತ್ತಿರಲಿಲ್ಲ. ಅವಳು ಹುಟ್ಟು ಕಿವುಡಿ.

ಒಂದು ದಿನ ನೀರು ಹೊತ್ತು ಬರುತ್ತಿದ್ದವಳಿಗೆ ಮೋಟಾರು ಹಿಂದಿನಿಂದ ತಾಗಿತು. ಬಿಂದಿಗೆ ಚಕ್ರದಡಿ ಸಿಕ್ಕು ರೊಟ್ಟಿಯಾಯಿತು. ಅವಳು ಗಟಾರದಲ್ಲಿ ಬಿದ್ದು ಬದುಕಿಕೊಂಡಳು. ಅವ್ವ ಓಡಿ ಹೋಗಿ ಮೋಟಾರು ತಡೆದಳು.

“ಹಾರ್ನ್ ಹೊಡದೇನಲ್ರಿ ಅಕ್ಕಾರ, ಇನ್ನೇನ್ ಮಾಡಬೇಕ್ರಿ?” ಎಂದ ಡ್ರೈವರ್.

“ಅಕಿಗೆ ಕಿವಿ ಕೇಳಂಗಿಲ್ಲೋ ತಮ್ಮಾ.”

“ಹಂಗಾರ ಮನಿಯಾಗ ಇಟ್ಕೋರಿ.”

ಆ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಓಣಿಯ ಗಂಡಸರು ರುಮಾಲು ಸುತ್ತಿಕೊಂಡು ತಾಲೂಕಿನ ಸಾಹೇಬರೊಬ್ಬರನ್ನು ಕಂಡು ದೂರು ಹೇಳಿ ಬಂದರು. ಲಢಾಯಿ ನಡೆದಿರುವಾಗ ಓಣಿಯ ಗೋಳು ತರಬೇಡಿ ಎಂದರಂತೆ ಸಾಹೇಬರು. ನಮ್ಮವರು ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕಿದರು. ಅಲ್ಲಿಗೆ ಅವರ ಶೌರ್ಯ ಮುಗಿಯಿತು.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಪ್ರತಿ ವರ್ಷ ಹಿತ್ತಲಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದ ಅವ್ವ, ಆ ವರ್ಷ ಓಣಿಯ ಮೇಲೆ ಚಾಚಿದ್ದ ಬೇವಿನ ಟೊಂಗೆಗೆ ಗಾಡಿಯ ಹಗ್ಗ ಬಿಗಿಸಿ ತಂಗಿಯನ್ನು ಕೂರಿಸಿದಳು. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಉಂಡಿ ಮೆಲ್ಲುತ್ತ ಸುತ್ತ ನಿಂತರು. ನಾನು ಜೀಕಿದೆ.

ಮೋಟಾರು ಬಂತು. ಹಾರ್ನ್ ಹೊಡೆದೇ ಹೊಡೆಯಿತು. ತಂಗಿ ಅದಕ್ಕೆ ಬೆನ್ನು ಹಾಕಿ ಆಡುತ್ತಲೇ ಇದ್ದಳು. ಕ್ಲೀನರ್ ಕುಡಗೋಲು ಹಿಡಿದು ಹಗ್ಗದತ್ತ ಬಂದ.

“ಏ ಹುಚ್ಚಪ್ಯಾಲಿ!” ಡ್ರೈವರನೇ ಕೂಗಿದ. “ಪಂಚಮಿ ದಿನಾ ಕೊಯ್ತೀಯೇನೋ?”

ನಾಗಪ್ಪನ ಹಬ್ಬದಂದು ನಮ್ಮ ಕಡೆ ಕೊಯ್ಯುವುದು, ಹೆಚ್ಚುವುದು, ಅಗೆಯುವುದು ಯಾವುದೂ ಇಲ್ಲ. ಡ್ರೈವರನ ಮನೆಯಲ್ಲೂ ಆ ದಿನ ಈಳಿಗೆ ಮಲಗಿಸಿಟ್ಟಿರುತ್ತಾರೆ. ಅವ್ವ ಗಂಟು ಹಾಕಿದ್ದು ಅದೇ ಧೈರ್ಯದ ಮೇಲೆ.

“ಬಿಚ್ರಿ ಅಕ್ಕಾರ.”

“ಅಕಿ ಇಳದ್ರ ಬಿಚ್ಚತೇನಿ. ಅಕಿನ್ನ ಕೇಳು.”

“ಅಹೋ ತಾಈ, ಖಾಲೀ ಉತರಾ!” ಎಂದು ಅವನು ಕೆಳಗಿಳಿಯಲು ಮರಾಠಿಯಲ್ಲಿ ಕೂಗಿದಾಗ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ತಂಗಿಗೆ ಕನ್ನಡವೂ ಅಷ್ಟೇ, ಮರಾಠಿಯೂ ಅಷ್ಟೇ. ಕೊನೆಗೆ ಅವನು ಇಳಿದು ಅವಳ ಮುಂದೆ ಬಂದು ಕೈ ಮುಗಿದ. ಬೀಳಿಸಿದ ಹುಡುಗಿಯ ಮುಖವನ್ನು ಅವನು ನೋಡಿದ್ದು ಆಗಲೇ ಇರಬೇಕು.

“ಓಣಿಯೊಳಗ ಹಾರ್ನ್ ಮುಟ್ಟಂಗಿಲ್ಲ,” ಎಂದಳು ಅವ್ವ. “ನಿನ್ನ ಕ್ಲೀನರ್ ಮುಂದ ನಡಕೊಂಡು ಹೋಗಬೇಕು. ಮೋಟಾರು ಅವನ ಹಿಂದ ಬರಬೇಕು.”

“ಆತ್ರಿ. ನಾಳಿಂದ ಹಂಗ ಮಾಡ್ತೇವ್ರಿ.”

ಅವ್ವ ತಂಗಿಯನ್ನು ಇಳಿಸಿ, ಜೋಕಾಲಿಯನ್ನು ಟೊಂಗೆಯ ಮೇಲಕ್ಕೆತ್ತಿ ಮೋಟಾರಿಗೆ ದಾರಿ ಬಿಟ್ಟಳು. ಹಗ್ಗ ಮಾತ್ರ ಬಿಚ್ಚಲಿಲ್ಲ.

ಹಬ್ಬ ಮುಗಿದ ಮರುದಿನ ಕುಡಗೋಲಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೂ ಅವ್ವ ತಂಗಿಯ ತಲೆಯ ಮೇಲೆ ಸಿಂಬಿ ಇಟ್ಟು, ಬೇರೆ ಬಿಂದಿಗೆ ಕೊಟ್ಟು ಕಳಿಸಿದಳು. ಅವಳು ನೀರು ತರುವ ಹೊತ್ತಿಗೆ ಮೋಟಾರೂ ಬಂತು. ಮುಂದೆ ಕ್ಲೀನರ್ ಬರಿಗೈಯಲ್ಲಿ ನಡೆದು ಬರುತ್ತಿದ್ದ. ಅವನನ್ನು ಕಂಡದ್ದೇ ತಂಗಿ ಓಣಿಯ ನಡುವೆ ನಿಂತು ಅಂಗೈ ಎತ್ತಿದಳು. ಡ್ರೈವರನ ಕೈ ರೂಢಿಯಂತೆ ಹಾರ್ನಿಗೆ ಹೋಯಿತು. ಹಾಗೇ ಹಿಂದೆ ಬಂತು. ಮೋಟಾರು ನಿಂತಿತು.

ಅವಳು ಓಣಿಯ ಈಚೆ ಬದಿಗೆ ಹೊರಟಳು. ತುಂಬಿದ ಬಿಂದಿಗೆ. ಅವಸರ ಮಾಡಬೇಡವೆಂದು ನಾನು ಕಟ್ಟೆಯಿಂದ ಸನ್ನೆ ಮಾಡಿದೆ. ಅವಳು ನಿಧಾನವಾಗಿ ದಾಟಿದಳು.