ತವರಿನ ಮಾತ್ರೆ

ಮದ್ದೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ಮೆಗ್ನೀಸಿಯಂ ಪಾಠವೆಂದರೆ ನೀರು ಕುಡಿದಷ್ಟು ಸಲೀಸು. ಬೋರ್ಡಿನ ಮೇಲೊಂದು ಜೀವಕೋಶ ಬರೆದು, ಅದರ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲು ಬಿಡಿಸುತ್ತಿದ್ದೆ. ಬೇಕಾದಾಗ ಕೆಲವು ಬಾಗಿಲು ಮೆಗ್ನೀಸಿಯಂ ಅನ್ನು ಒಳಗೆ ಬಿಡುತ್ತವೆ, ಹೆಚ್ಚಾದರೆ ಕೆಲವು ಹೊರಗೆ ದಬ್ಬುತ್ತವೆ. ಅದು ತೀರಾ ಇಳಿದರೆ ಸ್ನಾಯು ಸೆಟೆಯುತ್ತದೆ, ಹೃದಯದ ಬಡಿತವೂ ತಪ್ಪುತ್ತದೆ. ತಿಂದದ್ದರಿಂದ ಅದನ್ನು ಹೀರಿಕೊಳ್ಳುವುದು ಕರುಳು, ಕಡಿಮೆಯಾದಾಗ ಮೂತ್ರದಲ್ಲಿ ಹೋಗದಂತೆ ಹಿಡಿದುಕೊಳ್ಳುವುದು ಮೂತ್ರಪಿಂಡ. ಕರುಳಿನ ಬಾಗಿಲೇ ಮುಚ್ಚಿದರೆ ಮೂತ್ರಪಿಂಡ ಎಷ್ಟು ದಿನ ತಾನೇ ಹಿಡಿದೀತು? ಇದನ್ನು ಮಕ್ಕಳಿಗೆ ಕೇಳಿ, ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಅಂಥ ಬುದ್ಧಿವಂತ ನಾನು.

ನನ್ನ ಅಕ್ಕನನ್ನು ಮಳವಳ್ಳಿ ಕಡೆಯ ಹಳ್ಳಿಗೆ ಕೊಟ್ಟಿತ್ತು. ಅವಳಿಗೆ ಎದೆಯುರಿ. ಬೆಳಿಗ್ಗೆ ಬರಿಹೊಟ್ಟೆಗೆ ನುಂಗುವ ಗ್ಯಾಸ್ ಮಾತ್ರೆಯನ್ನು ಯಾರೋ ಡಾಕ್ಟರು ಹದಿನೈದು ದಿನಕ್ಕೆ ಬರೆದಿದ್ದರು. ನಾನು ವರ್ಷಗಟ್ಟಲೆ ತಂದುಕೊಟ್ಟೆ. ಅಪ್ಪ ಅಮ್ಮ ಹೋದ ಮೇಲೆ ತವರಿನಿಂದ ಏನಾದರೂ ಹೋಗಬೇಕಲ್ಲ. ಗೌರಿ ಹಬ್ಬಕ್ಕೆ ಸೀರೆ, ತಿಂಗಳು ತಿಂಗಳು ಮಾತ್ರೆ. ಎರಡು ಶೀಟು ಹೆಚ್ಚಿಗೆಯೇ ಇರುತ್ತಿತ್ತು. ಭಾವ ತಂದರೆ ಅವಳು ಮುಟ್ಟುತ್ತಿರಲಿಲ್ಲ. "ನಮ್ಮಪ್ಪನ ಮನೇದು ಕಣ್ರೀ, ಇದ್ರ ಗುಣವೇ ಬ್ಯಾರೆ" ಎಂದು ರೇಗಿಸುತ್ತಿದ್ದಳು. ನನಗೋ ಜಂಬ.

ಹೋದ ವರ್ಷ ಅವಳ ಬೆರಳುಗಳು ಸೆಟೆದುಕೊಳ್ಳತೊಡಗಿದವು. ಒಂದು ದಿನ ಮುದ್ದೆ ಕಟ್ಟುತ್ತಿದ್ದವಳು ಫಿಟ್ಸ್ ಬಂದು ಬಿದ್ದಳು. ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಮೆಗ್ನೀಸಿಯಂ ತೀರಾ ಇಳಿದಿದೆ ಎಂದು ಡ್ರಿಪ್ ಹಾಕಿದರು. ಎರಡು ದಿನಕ್ಕೆ ಎದ್ದು ಕೂತಳು. ಬಹಳ ವರ್ಷದಿಂದ ಯಾವುದಾದರೂ ಮಾತ್ರೆ ನುಂಗುತ್ತಿದ್ದೀರಾ ಎಂದು ಡಾಕ್ಟರು ಕೇಳಿದರು.

"ಇಲ್ಲ ಸ್ವಾಮಿ, ನಂಗ್ಯಾವ ಕಾಯ್ಲೆನೂ ಇಲ್ಲ" ಎಂದಳು ಅಕ್ಕ. ಅವಳು ಸುಳ್ಳು ಹೇಳಲಿಲ್ಲ. ತಮ್ಮ ತಂದದ್ದು ಅವಳ ಪಾಲಿಗೆ ಔಷಧಿಯಾಗಿರಲೇ ಇಲ್ಲ.

ಸುಳ್ಳು ಹೇಳಿದವನು ನಾನು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಗ್ಯಾಸ್ ಮಾತ್ರೆ ವರ್ಷಾನುಗಟ್ಟಲೆ ತಗೊಂಡ್ರೆ ಕೆಲವರ ಕರುಳು ಮೆಗ್ನೀಸಿಯಂ ಹೀರೋದೇ ಇಲ್ಲ. ಇವರು ತಗೊಳ್ತಿಲ್ಲ ತಾನೇ ಮೇಷ್ಟ್ರೇ?" ಎಂದರು. ಜೀವಶಾಸ್ತ್ರದ ಮೇಷ್ಟ್ರು ಎಂದು ಅವರಿಗೆ ಆಗಷ್ಟೇ ಹೇಳಿಕೊಂಡಿದ್ದೆ. "ಇಲ್ಲ ಸಾರ್" ಎಂದುಬಿಟ್ಟೆ. ನಾಚಿಕೆಯಾಗಿತ್ತು, ಬೇರೆ ಕಾರಣವಿಲ್ಲ. ಇನ್ನು ಮೇಲೆ ತರದಿದ್ದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ತಿಂಗಳು ಬರಿಗೈಲಿ ಹೋಗಿ, ಅಂಗಡಿಯಲ್ಲಿ ಸಿಗಲಿಲ್ಲ ಎಂದೆ. "ಓಗ್ಲಿ ಬುಡ್ಲಾ, ಅದ್ಕ್ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯೆ" ಎಂದು ಅಕ್ಕ ನನ್ನನ್ನೇ ಸಮಾಧಾನ ಮಾಡಿದಳು. ನುಂಗಬೇಡ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಇನ್ನೆರಡು ತಿಂಗಳಿಗೆ ಮಲಗಿದ್ದಲ್ಲೇ ಅವಳ ಹೃದಯ ನಿಂತಿತು.

ತಿಥಿ ಕಳೆದ ಮೇಲೆ ಅವಳ ಮಗಳು ಟ್ರಂಕು ತೆಗೆದಳು. ಸೀರೆಗಳ ಕೆಳಗೆ ಮಾತ್ರೆಯ ಶೀಟುಗಳು, ಅರ್ಧಕ್ಕರ್ಧ ಖಾಲಿ. "ನೀವು ತಂದಿದ್ರಲ್ಲೇ ಮಿಗ್ಸಿ ಮಡಗಿದ್ಲು ಮಾವ. ನೀವು ತರೋದು ನಿಂತ್ಮೇಲೂ ಒಂದಿನಾನೂ ತಪ್ಪಿಸ್ನಿಲ್ಲ. ನಂಗೂ ಈಚೆಗೆ ಎದೆಯುರಿ, ಇವ್ನ ನಾನೇ ಇಟ್ಕೊಳ್ಲಾ?"

ಅವಳ ಕೈಯಿಂದ ಅವನ್ನು ಕಿತ್ತುಕೊಂಡೆ. ಆಮೇಲೆ ಹೇಳದೆ ವಿಧಿಯಿರಲಿಲ್ಲ, ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ಸೀರೆ ಮಡಿಸುವುದನ್ನು ನಿಲ್ಲಿಸಿ ಕೇಳಿದಳು:

"ಅವತ್ತು ಡಾಕ್ಟ್ರಿಗೆ ಏಳ್ಬುಟ್ಟಿದ್ರೆ ಅವ್ವ ಬದುಕ್ತಿದ್ಲಾ ಮಾವ?"

"ಬದುಕ್ತಿದ್ಲು ಕಣವ್ವ" ಎಂದೆ.