ಅನ್ನಪೂರ್ಣಳ ಕೈಲಿ ಎದ್ದು ಕೂತ ಹಪ್ಪಳದ ಮೋಟಾರು

ಜರಗನಹಳ್ಳೀಲಿ ಕಾಗೆ ಇನ್ನೂ ಕಣ್ಣು ಬಿಟ್ಟಿಲ್ಲ, ಅನ್ನಪೂರ್ಣ ಆಗ್ಲೇ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತಿದ್ದಾಳೆ. ಕೂತಿರೋದು ಓನರ್ ಲಕ್ಷ್ಮಮ್ಮನ ಮನೆ ಹಿಂದಿನ ಹಳೇ ಕೊಟ್ಟಿಗೇಲಿ. ಒಂದು ಕಾಲಕ್ಕೆ ಇಲ್ಲಿ ಹಸು ಕಟ್ತಿದ್ರು, ಈಗ ಮೋಟಾರು. ಹಾಲು ಕೊಡಲ್ಲ ಅನ್ನೋದೊಂದು ಬಿಟ್ರೆ ಹಠ ಎರಡಕ್ಕೂ ಒಂದೇ.

ಲಕ್ಷ್ಮಮ್ಮ ನೀರಿನ ಪಂಪಿನ ಸ್ವಿಚ್ಚಿಗೆ ಕಾವಲು ನಿಂತಿದ್ದಾಳೆ. ಬೀದಿಯವ್ರೆಲ್ಲ ಗೀಸರು, ಪಂಪು, ಮಿಕ್ಸಿ ಹಾಕಿದ್ರೆ ಕರೆಂಟು ಕುಡುಕನ ಹಂಗೆ ತೂರಾಡುತ್ತೆ. ಅದಕ್ಕೇ ರಿಪೇರಿಗೆ ಬಂದ ಮಶೀನಿಗೆ ಮೊದಲ ಕರೆಂಟು ಕೊಡೋದು ಈ ಹೊತ್ತಲ್ಲೇ.

"ಯಾರಾದ್ರೂ ಪಂಪ್ ಹಾಕ್ಲಿ, ಕೈ ಮುರಿದುಬಿಡ್ತೀನಿ," ಅಂತಾಳೆ ಲಕ್ಷ್ಮಮ್ಮ. ಅವಳ ಕೈಯಲ್ಲಿ ಕೊತ್ತಂಬರಿ ಕಡ್ಡಿ ಮುರಿದ್ರೆ ಹೆಚ್ಚು.

ಮೇಜಿನ ಮೇಲೆ ಚಪ್ಪಲಿ ಡಬ್ಬದಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಗುಂಡುಕಲ್ಲಿನಂಥ ಮೋಟಾರು. ಮೋಟಾರನ್ನ ಆಡಿಸೋ ಈ ಪೆಟ್ಟಿಗೆ ಹೆಸರು ಸರ್ವೋ ಡ್ರೈವ್. ಸಾದಾ ಮೋಟಾರು ಪೇಟೆಗೆ ಕಳಿಸಿದ ಗಂಡನ ಹಂಗೆ, ಹೋದ್ರೆ ಹೋದ, ಎಲ್ಲಿ ಸುತ್ತುತಾನೋ ದೇವ್ರಿಗೇ ಗೊತ್ತು. ಈ ಡ್ರೈವ್ ಮಾತ್ರ ಗಟ್ಟಿ ಅತ್ತೆ. ಮೋಟಾರು ಎಷ್ಟು ತಿರುಗ್ತು, ಎಲ್ಲಿ ನಿಂತ್ಕೊಳ್ತು, ತಂತಿ ಮೂಲಕ ವರದಿ ಬರ್ತಾನೇ ಇರ್ಬೇಕು. ವರದಿ ನಿಂತ್ರೆ ಕೆಂಪು ಕಣ್ಣು ಬಿಟ್ಟು ಕೆಲಸಾನೇ ನಿಲ್ಸುತ್ತೆ.

ಇದು ತಿಲಕ್ ನಗರದ ಮುನಿಯಕ್ಕನ ಹಪ್ಪಳದ ಮಶೀನಿಂದು. ಮಶೀನು ಕೆಟ್ಟಾಗಿಂದ ಮುನಿಯಕ್ಕನ ಕಣ್ಣೀರಿಗೆ ಮೂರು ಸಂಪು ತುಂಬಿರ್ಬೇಕು. ಈ ಮಾದರಿ ಡ್ರೈವ್ ಈಗ ಯಾರೂ ಮಾಡಲ್ಲ. ಸುಟ್ಟುಹೋಗಿದ್ರೆ ಮಶೀನು ಗುಜರಿಗೆ, ಅವಳ ಜೊತೆ ದುಡಿಯೋ ಹೆಂಗಸ್ರು ಮತ್ತೆ ಮನೆಮನೆ ಪಾತ್ರೆ ತಿಕ್ಕೋಕೆ. ಮುನಿಯಕ್ಕನೂ ನಸುಕಲ್ಲೇ ಆಟೋ ಹತ್ತಿ ಬಂದು ಮೂಲೇಲಿ ಕೂತಿದ್ದಾಳೆ, ಹೆರಿಗೆ ವಾರ್ಡಿನ ಹೊರಗೆ ಕೂತಂಗೆ.

ಅನ್ನಪೂರ್ಣ ಗದಗದ ಕಡೆಯವಳು. ಫ್ಯಾಕ್ಟರೀಲಿ ಪ್ಯಾನೆಲ್‌ಗೆ ವೈರ್ ಕಟ್ಟೋ ಕೆಲಸ ಮಾಡ್ತಿದ್ಲು. ಡ್ರೈವ್ ಸರಿ ಮಾಡೋರು ಬಂದಾಗ ಟಾರ್ಚು ಹಿಡಿಯೋ ಪಾಳಿ ಇವಳದು. "ಟಾರ್ಚ್ ಹಿಡಿದಾಕಿಗೆ ಎಲ್ಲಾ ಕಾಣಸ್ತೈತ್ರೀ," ಅಂತ ನಗ್ತಾಳೆ. ಫ್ಯಾಕ್ಟರಿ ಊರಾಚೆ ಹೋದ್ಮೇಲೆ ಗಂಡ ನಿಂಗರಾಜನ ವಾಚ್‌ಮನ್ ಕೆಲಸವೇ ಗತಿ ಆಯ್ತು. ಮನೇಲೇ ರಿಪೇರಿ ಮಾಡ್ತೀನಿ ಅಂದ್ರೆ ಯಾವ ಓನರೂ ಬಾಡಿಗೆಗೆ ಸೇರಿಸ್ಲಿಲ್ಲ. ಕರೆಂಟಿನ ಹೆಂಗಸು, ಮನೆ ಸುಟ್ಟುಬಿಡ್ತಾಳೆ ಅಂತ ಭಯ. ಕೊಟ್ಟಿಗೆ ಬಾಡಿಗೆಗೆ ಕೊಟ್ಟ ಲಕ್ಷ್ಮಮ್ಮನೂ ಮೊದಮೊದಲು ಮರಳಿನ ಬಕೆಟ್ ಪಕ್ಕದಲ್ಲಿಟ್ಕೊಂಡೇ ಮಲಗ್ತಿದ್ಲು. ಇವತ್ತು ಇವಳು ಸರಿ ಮಾಡಿದ ಮಶೀನಿಂದಲೇ ಜೆ.ಪಿ. ನಗರದ ಬೇಕರೀಲಿ ಬ್ರೆಡ್ಡು ಒಂದೇ ಅಳತೇಲಿ ಬೀಳುತ್ತೆ, ಹನುಮಂತನಗರದಲ್ಲಿ ಬ್ಲೌಸಿನ ತೋಳಿಗೆ ಕಸೂತಿ ನವಿಲು ಕೂರುತ್ತೆ. ತಿನ್ನೋರಿಗೂ ತೊಡೋರಿಗೂ ಇವಳ ಹೆಸರು ಗೊತ್ತಿಲ್ಲ. ಅವಳ ಪುಣ್ಯ ಮಾತ್ರ ನಾವು ದಿನಾ ಉಣ್ತಿದೀವಿ.

ಈಗ ಅನ್ನಪೂರ್ಣ ಅರ್ತಿಂಗ್ ತಂತಿ ಬಿಗಿ ಮಾಡ್ತಾಳೆ. ತುರ್ತಿಗೆ ನಿಲ್ಸೋ ಕೆಂಪು ಬಟನ್ ಕೈಗೆ ಎಟುಕೋ ಹಂಗೆ ಇಡ್ತಾಳೆ. "ಮೊದ್ಲು ತಲಿಗೆ ಕರೆಂಟು, ಆಮ್ಯಾಲೆ ತೋಳಿಗೆ," ಅಂತ ಒಂದೊಂದೇ ಸ್ವಿಚ್ ಒತ್ತುತಾಳೆ. ತಲೆ ಅಂದ್ರೆ ಲೆಕ್ಕ ಇಡೋ ಭಾಗ, ತೋಳು ಅಂದ್ರೆ ಮೋಟಾರು ತಿರುಗಿಸೋ ಭಾಗ. ಪೆಟ್ಟಿಗೆ ಮೇಲೆ ಅಂಕಿ ಮೂಡುತ್ತೆ. ಮುನಿಯಕ್ಕ ಕೈ ಮುಗೀತಾಳೆ. ಕೈ ಇಳಿಸೋಷ್ಟರಲ್ಲಿ ಕೆಂಪು ದೀಪ!

"ಹೋಯ್ತಾ? ಸತ್ತೋಯ್ತಾ ಕಣಮ್ಮ?" ಅಂತ ಮುನಿಯಕ್ಕ ನುಗ್ತಾಳೆ. ಅನ್ನಪೂರ್ಣ ಸ್ವಿಚ್ ಆರಿಸಿ ಅವಳ ಕೈ ಹಿಡೀತಾಳೆ. "ಮುಟ್ಟಬ್ಯಾಡ್ರೀ! ಆರಿಸಿದ್ರೂ ಒಳಗ ಕರೆಂಟು ಹೊಂಚು ಹಾಕ್ಕೊಂಡು ಕುಂತಿರ್ತೈತಿ." ಒಳಗಿನ ಕರೆಂಟು ತೋರಿಸೋ ಸಣ್ಣ ದೀಪ ಪೂರ್ತಿ ಆರೋ ತನಕ ಅವಳ ಕೈ ಬಿಡಲ್ಲ.

ಮೋಟಾರಿಂದ ವರದಿ ಬರ್ತಿಲ್ಲ. ಅನ್ನಪೂರ್ಣ ವರದಿ ತಂತಿಯ ಪ್ಲಗ್ ಕೀಳ್ತಾಳೆ. ಒಳಗೆ ನೋಡಿದ್ರೆ ಮಾರಮ್ಮನ ಗುಡಿ ಹೊಸ್ತಿಲ ಹಂಗೆ ಕೆಂಪಗೆ.

"ಮುನಿಯಕ್ಕಾ, ಇದರೊಳಗ ಏನ್ ಹಾಕೀರಿ?"

"ಶುಕ್ರವಾರ ಶುಕ್ರವಾರ ಕಿತ್ತು, ಒರೆಸಿ, ಅರಿಶಿನ ಕುಂಕುಮ ಕಲಸಿ ಇಡ್ತಿದ್ದೆ. ಅನ್ನ ಕೊಡೋ ಮಶೀನಲ್ವಾ?"

"ದೇವರಿಗೂ ಹಣಿಗೆ ಹಚ್ಚತಾರ್ರೀ, ಗಂಟಲೊಳಗ ಯಾರು ತುರುಕ್ತಾರ?"

ಲಕ್ಷ್ಮಮ್ಮ ನಕ್ಕಿದ್ದು ಕನಕಪುರ ರಸ್ತೆ ಬಸ್ಸಿನವ್ರಿಗೂ ಕೇಳಿರ್ಬೇಕು. ಮುನಿಯಕ್ಕನಿಗೆ ಅಳ್ಬೇಕೋ ನಗ್ಬೇಕೋ ತಿಳೀದು. ಅನ್ನಪೂರ್ಣ ಬೈಯಲ್ಲ. ಹಲ್ಲುಜ್ಜೋ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ, ಕೂಸಿನ ಕಿವಿ ಒರೆಸೋ ಹಂಗೆ ಒಂದೊಂದೇ ಪಿನ್ ತೊಳೆದು, ಒಣಗಿಸಿ, ಪ್ಲಗ್ ಹಾಕ್ತಾಳೆ.

ಮತ್ತೆ ತಲೆಗೆ. ಮತ್ತೆ ತೋಳಿಗೆ. ಕೆಂಪು ಬರಲ್ಲ. ಮೋಟಾರು ಸಣ್ಣಗೆ ಗುಂಯ್ ಅನ್ನುತ್ತೆ.

"ಈಗ ತಿರುವ್ರಿ ನೋಡೋಣು," ಅಂತಾಳೆ. ಮುನಿಯಕ್ಕ ಎರಡೂ ಕೈ ಹಾಕಿ ಮೋಟಾರಿನ ಅಚ್ಚು ತಿರುವ್ತಾಳೆ. ಜಪ್ಪಯ್ಯ ಅಂದ್ರೂ ಕದಲಲ್ಲ.

"ಅಯ್ಯೋ, ಹಿಡ್ಕೊಂಬಿಡ್ತಲ್ಲಮ್ಮ!"

"ನಿಂದ್ರು ಅಂದಲ್ಲಿ ಬಿಗಿ ಹಿಡೀಬೇಕ್ರೀ. ಅದು ಜೀವ ಬಂದ ಗುರ್ತು. ಕೈ ತೆಗೀರಿ."

ಅನ್ನಪೂರ್ಣ ಬಟನ್ ಒತ್ತುತಾಳೆ. ಮೋಟಾರು ಮೆಲ್ಲಗೆ ಒಂದು ಸುತ್ತು ಹಾಕಿ, ಹೇಳಿದ ಜಾಗಕ್ಕೆ ಬಂದು ನಿಲ್ಲುತ್ತೆ. ಇನ್ನೊಂದು ಸುತ್ತು. ಅಲ್ಲೇ ನಿಲ್ಲುತ್ತೆ. ಮುನಿಯಕ್ಕ ಅನ್ನಪೂರ್ಣಳ ಕೆನ್ನೆ ಹಿಡಿದು ದೃಷ್ಟಿ ತೆಗೀತಾಳೆ, ಲಟಿಕೆ ಸದ್ದು ಪಟಾಕಿ ಸರದಂಗೆ. "ನನ್ನ ಹೆಂಗಸ್ರಿಗೆ ಅನ್ನ ಉಳಿಸ್ದೆ ತಾಯಿ. ಏನು ಬೇಕು ಕೇಳು. ಸೀರೆ ತರ್ಲಾ?"

"ಸೀರಿ ಬ್ಯಾಡ್ರೀ." ಅನ್ನಪೂರ್ಣ ತಂತಿ ಬಿಚ್ಚಿ, ಮೋಟಾರನ್ನ ಗೋಣಿಚೀಲದಲ್ಲಿ ಸುತ್ತುತಾಳೆ. "ನನ್ನ ಹತ್ರ ಇರೋತನಕ ಇವು ರೋಗಿಷ್ಟರ್ರೀ. ಎದ್ದು ನಿಂತ್ವು ಅಂದ್ರ ಆಟೋ ಹತ್ತಿ ಹೋಗ್ತಾವು. ಹಪ್ಪಳ ಒತ್ತೋದು ನಾ ಒಂದು ಸಲಾನೂ ನೋಡಿಲ್ಲ. ಕೆಟ್ಟಾಗ ಎಲ್ಲಾರೂ ಕರೀತಾರ. ನೀವು ಒಮ್ಮೆ ಮಶೀನು ಓಡುವಾಗ ಕರೀರಿ."