ಮುರಿಗೆಪ್ಪನವರ ಬೇಟೆಪೆಟ್ಟಿಗೆ

ನಮ್ಮ ಅಲ್ಲಾಳಸಂದ್ರದ ಬೇಟೆಗಾರ ಮುರಿಗೆಪ್ಪನವರು ಇದುವರೆಗೆ ಸೊಳ್ಳೆ ಬಿಟ್ಟು ಬೇರೇನನ್ನೂ ಕೊಂದವರಲ್ಲ. ಆದರೂ ಬಾಯಿ ತೆರೆದರೆ ಬಿಲ್ಲುಬಾಣವೇ. ಅವರ ಮುತ್ತಜ್ಜ ಒಂದೇ ಬಾಣಕ್ಕೆ ಎರಡು ಕಾಡುಹಂದಿ ಹೊಡೆದರಂತೆ, ಮೂರನೆಯದು ಅವಮಾನ ತಾಳದೆ ಸತ್ತಿತಂತೆ. ಈಚೆಗೆ ಕೆರೆಗೆ ಮುಖಮಾಡಿದ ತಮ್ಮ ಅಂಗಳದಲ್ಲಿ, ಬಿಲ್ಲುಗಾರ ಅಡಗಿ ನಿಲ್ಲುವಂಥ ಪ್ಲೈವುಡ್ ಪೆಟ್ಟಿಗೆ ಕಟ್ಟುತ್ತಿದ್ದರು. ಒಳಗೆಲ್ಲ ಕಪ್ಪು ಬಣ್ಣ, ಸದ್ದಾಗದಂತೆ ನೆಲಕ್ಕೆ ಗೋಣಿಚೀಲ. "ಅಲ್ಲ ಮುರಿಗೆಪ್ನೋರೇ, ಈ ಕೆರೇಲಿ ಹೊಡೆಯೋಕೆ ಏನ್ ಸಿಗುತ್ತೆ?" ಎಂದೆ. "ವಾಕಿಂಗ್ ಬರೂ ನಿಮ್ಮಂಥಾ ಮುದುಕ್ರು ಅದಾರಲ್ರಿ" ಎಂದರು. ಬಿಲ್ಲುಗಾರ ನಿಂತು ಬಾಣ ಬಿಡಬೇಕು, ಕಿಂಡಿ ಎದೆಮಟ್ಟಕ್ಕಿರಬೇಕು. ಇವರು ಸೊಂಟದ ಹತ್ತಿರ ಕೊರೆದಿದ್ದರು. ತಪ್ಪು ತೋರಿಸಿದೆ. ಟೇಪು ಸುತ್ತುತ್ತಾ ದನಿ ತಗ್ಗಿಸಿದರು: "ಅದು ವೀಲ್‌ಚೇರಿನ ಅಳತಿರಿ. ಲಕ್ವಾ ಹೊಡದು ಬಾಯಿ ಸೊಟ್ಟ ಆದಾಗಿಂದ, ಮಂದಿ ನೋಡ್ತಾರಂತ ನಮ್ಮ ಮನಿಯಾಕಿ ಪಾರವ್ವ ವರ್ಷಾತು ಹೊರಗ ಬಂದಿಲ್ಲ. ಇದರಾಗ ಕುಂತ್ರ ಆಕಿ ಎಲ್ಲಾರನ್ನೂ ನೋಡಬಹುದು, ಆಕೀನ್ನ ಯಾರೂ ನೋಡಂಗಿಲ್ಲ." ಆಮೇಲೆ ವಾರವೆಲ್ಲ ಪೆಟ್ಟಿಗೆ ಖಾಲಿಯೇ ಇತ್ತು. ನಿನ್ನೆ ಸಂಜೆ ಅದರ ಮುಂದೆಯೇ ನಿಂತು ಮುರಿಗೆಪ್ಪನವರಿಗೆ ನನ್ನ ತಾತನ ಹುಲಿಯ ಕತೆ ಶುರುಮಾಡಿದ್ದೆ. ಒಳಗಿನಿಂದ ತೊದಲುವ ಹೆಣ್ಣುದನಿ ಬಂತು: "ಅಣ್ಣಾರ, ಸ್ವಲ್ಪ ಬಾಜೂಕ ಸರೀರಿ, ಕೊಕ್ಕರಿ ಕಾಣವಲ್ದು."